ಆಮೆನ್ ಇಲ್ಲದ ಮೀಟಿಂಗು

ಮೂಡಲಪಾಳ್ಯದ ನಮ್ಮ ಶಾಲೆಯಲ್ಲಿ ಪ್ರಾರ್ಥನೆಯಿಲ್ಲದೆ ಯಾವ ಮೀಟಿಂಗೂ ಶುರುವಾಗುವುದಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಜೆಸಿಂತಾ ಪ್ರಾರ್ಥಿಸಿ ಆಮೆನ್ ಅನ್ನುತ್ತಾರೆ, ನಾವೂ ಆಮೆನ್ ಅಂದು ಕೂರುತ್ತೇವೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನೂ ಇಷ್ಟು ವರ್ಷ ಅಂದಿದ್ದೇನೆ. ಶಿವ ಬೇಸರ ಮಾಡಿಕೊಂಡಂತಿಲ್ಲ.

ಸಿಸ್ಟರ್ ಸಣ್ಣಪುಟ್ಟದ್ದಕ್ಕೂ ಚಾಪೆಲ್‌ನಲ್ಲಿ ಹೋಗಿ ಕೂರುವವರು. ದೇವರ ಹತ್ತಿರ ರಜಾ ಚೀಟಿಗೆ ಸಹಿ ಹಾಕಿಸಿಕೊಳ್ಳಲು ಹೋಗಿದ್ದಾರೆಂದು ಸ್ಟಾಫ್‌ರೂಮಿನಲ್ಲಿ ನಗುತ್ತಿದ್ದೆವು. ಆದರೆ ಅಲ್ಲಿಂದ ಎದ್ದು ಬಂದ ಮೇಲೆ ಅವರ ಮಾತು ಬದಲಾದದ್ದನ್ನು ನಾನು ಕಂಡಿಲ್ಲ.

ಈ ಸಲ ಶಾಲೆಯ ಮ್ಯಾನೇಜರ್ ಫಾದರ್ ವಲೇರಿಯನ್ ಕನ್ನಡ ಮೀಡಿಯಂ ಮುಚ್ಚುವ ಆದೇಶ ತಂದಿದ್ದರು. ಆ ಕೋಣೆಗಳು ಹೊಸ ಇಂಗ್ಲಿಷ್ ಸಿಲಬಸ್‌ಗೆ ಬೇಕಂತೆ. ಹೆಡ್‌ಮಿಸ್ಟ್ರೆಸ್ ಸಹಿ ಒಂದೇ ಬಾಕಿ. ನನ್ನ ಎಂಟನೇ ತರಗತಿಯ ಮಕ್ಕಳೆಲ್ಲ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಬೇರೆ ಶಾಲೆ ಹುಡುಕಿಕೊಳ್ಳಲಿ ಅಂದರು ಫಾದರ್. ಹುಡುಕುವವರು ಯಾರು? ಬೆಳಗಾದರೆ ಗಾರೆ ಕೆಲಸಕ್ಕೆ ಓಡುವ, ಶಿಲ್ಪಾಳ ತಾಯಿ ಗುರವ್ವನೇ? ಅವಳು ಮಗಳನ್ನು ಮನೆಯಲ್ಲಿ ಕೂರಿಸುತ್ತಾಳೆ, ಆಮೇಲೆ ಮದುವೆ ಮಾಡಿ ಕಳಿಸುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೀಟಿಂಗಿನ ದಿನ ಎಲ್ಲರೂ ಎದ್ದು ನಿಂತೆವು. ಫಾದರ್ ಮುಂದೆ ಆ ಕಾಗದ, ಪೆನ್ನು. ಸಿಸ್ಟರ್ ಶಿಲುಬೆ ಗುರುತು ಹಾಕಿ ಕಣ್ಣು ಮುಚ್ಚಿದರು.

"ಪ್ರಭುವೇ, ವೀರೇಶನನ್ನ ನಿನ್ನ ಕೈಗೆ ಕೊಡ್ತೀನಿ. ಅವನಿಗೆ ಭಾಗಾಕಾರ ಈಗ ತಾನೇ ಬರ್ತಿದೆ."

ಆಮೇಲೆ ನೀಲಮ್ಮ, ಉಗ್ರಪ್ಪ. ಒಂದೊಂದು ಮಗುವನ್ನೂ ಅದರ ಕೆಮ್ಮು, ತುಂಟತನ, ಅಕ್ಷರದ ಸಮೇತ ದೇವರ ಮುಂದೆ ನಿಲ್ಲಿಸುತ್ತಾ ಹೋದರು. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ರೂಢಿ ನಮ್ಮ ಶಾಲೆಯಲ್ಲಿಲ್ಲ. ಫಾದರ್ ಕಾಲು ಬದಲಾಯಿಸಿದರು, ಗಂಟಲು ಸರಿಮಾಡಿಕೊಂಡರು. ಕೊನೆಗೆ ತಾವೇ ಗಟ್ಟಿಯಾಗಿ ಆಮೆನ್ ಅಂದುಬಿಟ್ಟರು.

ಸಿಸ್ಟರ್ ಕಣ್ಣು ಬಿಟ್ಟು ತಮ್ಮ ಪ್ರಾರ್ಥನೆ ಮುಗಿದಿಲ್ಲ ಅಂದರು. ತಾವೂ ಪ್ರಾರ್ಥಿಸಿಯೇ ಈ ನಿರ್ಧಾರಕ್ಕೆ ಬಂದದ್ದೆಂದು ಫಾದರ್ ರೇಗಿದರು.

"ಪ್ರಾರ್ಥನೆ ಮಾಡಿ ನಿರ್ಧಾರ ಮಾಡಿದ್ರಾ ಫಾದರ್, ನಿರ್ಧಾರ ಮಾಡಿ ಪ್ರಾರ್ಥನೆ ಮಾಡಿದ್ರಾ?"

ತಾಳಿ ಕಟ್ಟಿದ ಮೇಲೆ ಜಾತಕ ನೋಡಿದ ಹಾಗೆ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಸಿಸ್ಟರ್ ಆಗುವಾಗ ತೆಗೆದುಕೊಂಡ ವಿಧೇಯತೆಯ ವ್ರತವನ್ನು ಫಾದರ್ ನೆನಪಿಸಿದರು. ವರ್ಗ ಮಾಡಿಸುವ ಮಾತೂ ಬಂತು.

"ಮಾಡಿಸಿ. ನಾಳೆನೇ ಗಂಟುಮೂಟೆ ಕಟ್ಕೊಂಡು ಹೋಗ್ತೀನಿ. ವ್ರತ ತಗೊಂಡಿರೋಳು ನಾನು, ಈ ಮಕ್ಕಳಲ್ಲ. ಅವರನ್ನ ಬೀದಿಗೆ ಹಾಕೋದಕ್ಕೆ ನನ್ನ ಸಹಿ ಸಿಗಲ್ಲ."

ಫಾದರ್ ನಮ್ಮ ಕಡೆ ತಿರುಗಿದರು. ಕ್ರೈಸ್ತಳಲ್ಲದ ನನಗೆ ಈ ಜಗಳ ಬೇಡವಾಗಿರುತ್ತದೆ ಎಂದುಕೊಂಡರೇನೋ.

"ಕಲ್ಯಾಣಮ್ಮ, ನೀವಾದ್ರೂ ಆಮೆನ್ ಅನ್ನಿ. ಮೀಟಿಂಗ್ ಶುರು ಮಾಡೋಣ."

ಕೆಲಸ ಹೋದರೆ ಗತಿಯೇನೆಂದು ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೂ ಕೈ ಜೋಡಿಸಿ, ಸಿಸ್ಟರ್ ಮಾಡಿದಂತೆ ಕಣ್ಣು ಮುಚ್ಚಿದೆ.

"ಪ್ರಭುವೇ, ಗುರವ್ವನ ಮಗಳು ಶಿಲ್ಪಾ," ಎಂದೆ. "ಅವಳು ಟೀಚರ್ ಆಗ್ಬೇಕಂತೆ."

ನನ್ನ ಪಕ್ಕದಲ್ಲಿದ್ದ ಗಣಿತದ ಅರುಣ ಮುಂದಿನ ಮಗುವಿನ ಹೆಸರು ಹೇಳಿದ. ಫಾದರ್ ಸಹಿಯಿಲ್ಲದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುವವರೆಗೂ ನಾವು ಯಾರೂ ಕೂರಲಿಲ್ಲ.