ಸಿಂಹದ ಬೋನಿನಲ್ಲಿ ಅತ್ತೆ ಸೊಸೆ

ಡ್ರಿಲ್ ಟೀಚರ್ ಕೆಲಸದಿಂದ ನಿವೃತ್ತರಾದ ಮೇಲೆ ಅತ್ತೆಗೆ ಸಾಲಾಗಿ ನಿಲ್ಲಿಸಲು ಮಕ್ಕಳು ಸಿಗಲಿಲ್ಲ. ಹಾಗಾಗಿ ಮಗನ ಮನೆಗೆ ಬಂದ ಮರುದಿನವೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟರು. ಸೊಸೆ ಹಲ್ಲಿನ ಡಾಕ್ಟರು. ಸಂಜೆ ಕ್ಲಿನಿಕ್ಕಿನಿಂದ ಸುಸ್ತಾಗಿ ಬಂದವಳು ಎಂದಿನ ಜಾಗಕ್ಕೆ ಕೈಹಾಕಿ ಚಹಾಕ್ಕೆ ಉಪ್ಪು ಸುರಿದಳು. ಒಂದು ಗುಟುಕು ಕುಡಿದು ಉಳಿದದ್ದನ್ನು ಸಿಂಕಿಗೆ ಚೆಲ್ಲಿದಳು.

ಅಂದಿನಿಂದ ಮಾತು ಬಂದ್. "ಪುಟ್ಟಾ, ನಿನ್ನ ಹೆಂಡ್ತಿಗೆ ಊಟಕ್ಕೆ ಬಾ ಅನ್ನು" ಎಂದು ಅತ್ತೆ. "ನಿಮ್ಮಮ್ಮಂಗೆ ನನಗೆ ಹಸಿವಿಲ್ಲ ಅನ್ನಿ" ಎಂದು ಸೊಸೆ. ಅದೂ ಮೂವರೂ ಒಂದೇ ಮೇಜಿನ ಸುತ್ತ ಕೂತಿರುವಾಗ! ನಡುವೆ ಸಿಕ್ಕಿಬಿದ್ದ ಪುಟ್ಟನಿಗೆ ಸಾಕೋ ಸಾಕಾಯಿತು. ಭಾನುವಾರ ಇಬ್ಬರನ್ನೂ ಹೊರಡಿಸಿಕೊಂಡು ಊರಿನ ಹಳೇ ಮೃಗಾಲಯಕ್ಕೆ ಬಂದ.

ಪ್ರಾಣಿಗಳನ್ನು ನೋಡಿ ಇಬ್ಬರೂ ತಣ್ಣಗಾಗುತ್ತಾರೆ ಎಂಬುದು ಅವನ ಲೆಕ್ಕ. ಜಿರಾಫೆಯ ಮುಂದೆ ಅತ್ತೆ ಈ ತುದಿಗೆ ನಿಂತರು, ಸೊಸೆ ಆ ತುದಿಗೆ. ಮುಳ್ಳುಹಂದಿ ಮುಳ್ಳು ಕೆದರಿದಾಗ ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿಕೊಂಡರು, ಅಷ್ಟೆ.

ಮುಂದೆ ಸಿಕ್ಕಿದ್ದು ಸಿಂಹದ ಹಳೇ ಬೋನು. ಸಿಂಹಗಳಿಗೆ ಈಗ ಮರಗಿಡಗಳ ದೊಡ್ಡ ಬಯಲಿತ್ತು. ಹಿಂದೆ ಅವನ್ನು ಎಂಥ ಕಿಷ್ಕಿಂಧೆಯಲ್ಲಿ ಇಡುತ್ತಿದ್ದರೆಂದು ಜನ ನೋಡಲಿ ಎಂದು ಈ ಒಂದು ಬೋನನ್ನು ಉಳಿಸಿ, ಸರಳುಗಳಿಗೆ ಬಣ್ಣ ಬಳಿದು, ಬಾಗಿಲು ತೆರೆದಿಟ್ಟಿದ್ದರು.

"ಇಬ್ರೂ ಒಳಗೆ ನಿಂತ್ಕೊಳ್ಳಿ, ಒಂದು ಫೋಟೋ ತೆಗೀತೀನಿ" ಎಂದ ಪುಟ್ಟ.

ಬೇಡವೆಂದರೆ ತನ್ನದೇ ತಪ್ಪಾಗುತ್ತದೆಂದು ಇಬ್ಬರೂ ಮೂತಿ ಊದಿಸಿಕೊಂಡು ಒಳಗೆ ಹೋದರು. ಬಾಗಿಲು ತೆರೆದಿದ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಪುಟ್ಟ ಅದನ್ನು ಎಳೆದ. ಠಕ್ ಎಂದು ಹೊರಗಿನ ಚಿಲಕ ಬಿತ್ತು. ಆಮೇಲೆ ಎಷ್ಟು ಜಗ್ಗಿದರೂ ಅದು ಮಿಸುಕಲಿಲ್ಲ.

"ಇರಿ, ಯಾರನ್ನಾದ್ರೂ ಕರ್ಕೊಂಡು ಬಂದೆ" ಎಂದು ಓಡಿದವನು ಆನೆಗಳ ಕಡೆ ಮಾಯವಾದ.

ಬೋನಿನ ಮುಂದೆ ಜನ ಸೇರತೊಡಗಿದರು. ಅಪ್ಪನ ಹೆಗಲೇರಿ ಕೂತಿದ್ದ ಒಂದು ಚಿಕ್ಕ ಮಗು, "ಅಪ್ಪಾ, ಇವು ಏನು ತಿಂತವೆ?" ಎಂದು ಕೇಳಿತು.

"ಅವರು ನಾಟಕದವರು ಪುಟ್ಟಿ. ನೋಡು, ಎಷ್ಟು ಚೆನ್ನಾಗಿ ಕೋಪ ಮಾಡ್ಕೊಂಡಿದಾರೆ!"

"ರೀ! ನಾವು ನಾಟಕದವರಲ್ಲ! ಸಿಕ್ಕಾಕೊಂಡಿದೀವಿ, ಬಾಗಿಲು ತೆಗೀರಿ!" ಎಂದು ಟೀಚರ್ ಗುಡುಗಿದರು. ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ಗಂಟಲು ಅದು.

"ಆಹಾ, ಏನು ಕಂಠ!" ಎಂದರು ಯಾರೋ. ಜನ ಚಪ್ಪಾಳೆ ತಟ್ಟಿದರು. ಟೋಪಿ ಹಾಕಿದ್ದ ಒಬ್ಬ ಹುಮ್ಮಸ್ಸಿನಲ್ಲಿ ಒಂದು ಕಡಲೆಕಾಯಿ ಎಸೆದ. ಅದು ಟೀಚರ್ ಭುಜಕ್ಕೆ ಬಡಿದು ಕೆಳಗುರುಳಿತು.

ಟೀಚರ್ ಕೆಂಡವಾದರು. ಸರಳಿನ ನಡುವಿನಿಂದ ಕೈ ಹೊರಚಾಚಿ ಪಕ್ಕದ ಫಲಕ ತೋರಿಸಿದರು. "ಓದೋಕೆ ಬರಲ್ವಾ? ಪ್ರಾಣಿಗಳಿಗೆ ತಿನ್ನೋಕೆ ಕೊಡಬಾರದು ಅಂತ ಅಷ್ಟು ದೊಡ್ಡದಾಗಿ ಬರೆದಿದೆ!"

ಹಿಂದಿನಿಂದ ಕಿಸಕ್ಕೆಂದು ಸದ್ದಾಯಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿದ್ದಳು. ಟೀಚರಿಗೆ ತಾವು ಆಡಿದ್ದೇನೆಂದು ಆಗ ಹೊಳೆಯಿತು. ಬಿಗಿದಿದ್ದ ತುಟಿ ಸಡಿಲಿತು. ನೋಡನೋಡುತ್ತ ಇಬ್ಬರೂ ಸಿಂಹದ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಉಪ್ಪಿನ ಚಹಾ ಹೇಗಿತ್ತಮ್ಮಾ?" ಎಂದು ನಗು ಇಳಿದ ಮೇಲೆ ಟೀಚರ್ ಮೆಲ್ಲಗೆ ಕೇಳಿದರು.

"ಅಯ್ಯೋ, ಅದನ್ನ ಕೇಳ್ಬೇಡಿ ಅತ್ತೆ. ಆದ್ರೆ ಡಬ್ಬಿ ಮುಟ್ಟೋ ಮುಂಚೆ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳ್ಬೇಕಿತ್ತು. ಸುಮ್ನೆ ಕೂತ್ರೆ ನನಗೆ ಕೈಕಾಲು ಜೋಮು ಹಿಡಿಯುತ್ತೆ. ನೀವಿಬ್ರೂ ಬೆಳಿಗ್ಗೆ ಹೋದ್ರೆ ಮನೆ ಬಿಕೋ ಅನ್ನುತ್ತೆ. ಡಬ್ಬಿಗಳಾದ್ರೂ ನನ್ನ ಮಾತು ಕೇಳ್ತಾವಲ್ಲ ಅಂತ..."

ಸೊಸೆ ಅತ್ತೆಯ ಭುಜಕ್ಕಂಟಿದ್ದ ಕಡಲೆಸಿಪ್ಪೆಯ ಚೂರನ್ನು ಬೆರಳಿನಿಂದ ತೆಗೆದಳು. "ನಾಳೆಯಿಂದ ನನ್ನ ಜೊತೆ ಕ್ಲಿನಿಕ್ಕಿಗೆ ಬನ್ನಿ ಅತ್ತೆ. ಮಕ್ಕಳು ಬಾಯಿ ತೆಗೀಬೇಕಾದ್ರೆ ನಾನು ಅರ್ಧ ದಿನ ಗೋಗರೀಬೇಕು. ನೀವು ಒಂದು ಸಲ ಗದರಿದ್ರೆ ಸಾಕು."

"ಗದರೋದ್ಯಾಕೆ? ಪ್ರೀತಿಯಿಂದಲೇ ತೆಗೆಸ್ತೀನಿ" ಎಂದ ಟೀಚರ್ ಮುಖ ಅರಳಿತ್ತು.

ಅಷ್ಟರಲ್ಲಿ ಪುಟ್ಟ ಏದುಸಿರು ಬಿಡುತ್ತ ಬಂದ. ಹಿಂದೆ ಸುತ್ತಿಗೆ ಹಿಡಿದ ಪ್ರಾಣಿಪಾಲಕ. ತಾಯಿಯೂ ಹೆಂಡತಿಯೂ ಒಂದೇ ಕಟ್ಟೆಯ ಮೇಲೆ ಅಂಟಿಕೊಂಡು ಕೂತದ್ದನ್ನು ಕಂಡು ಪುಟ್ಟ ಗಕ್ಕನೆ ನಿಂತ. ಫೋನು ಎತ್ತಿ, "ಹಾಗೇ ಇರಿ, ಹಾಗೇ ಇರಿ" ಎಂದ.

"ಮೊದಲು ಬಾಗಿಲು ತೆಗೆಸು!" "ಮೊದಲು ಬಾಗಿಲು ತೆಗೆಸ್ರೀ!" ಎಂದು ಎರಡು ಗಂಟಲೂ ಒಟ್ಟಿಗೆ ಸಿಡಿದವು. ಪ್ರಾಣಿಪಾಲಕ ಬೆಚ್ಚಿ ಸುತ್ತಿಗೆ ಕೆಳಗೆ ಹಾಕಿದ. ಮತ್ತೆ ಎತ್ತಿಕೊಂಡು ನಾಲ್ಕು ಏಟು ಕೊಟ್ಟಾಗ ಚಿಲಕ ಸಡಿಲಿತು. ಹೊರಬಂದವರಿಗೆ ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಸೊಸೆ ಕಲಾವಿದೆಯಂತೆ ಬಾಗಿ ವಂದಿಸಿದಳು. ಟೀಚರ್ ಒಂದು ಕ್ಷಣ ಹಿಂದೆಮುಂದೆ ನೋಡಿ ತಾವೂ ಬಾಗಿದರು.

ಆಮೇಲೆ ಕರಡಿಯ ಹತ್ತಿರ ಹೋದರು. ಅಲ್ಲಿ ನಾಲ್ಕಾರು ಜನ ಅದನ್ನು ಎಬ್ಬಿಸಲೆಂದು ಶಿಳ್ಳೆ ಹೊಡೆಯುತ್ತಿದ್ದರು.

"ಸದ್ದು!" ಎಂದರು ಟೀಚರ್. ಶಿಳ್ಳೆ ನಿಂತಿತು.

"ಪಾಪ, ಮಲಗಲಿ ಬಿಡ್ರಪ್ಪಾ" ಎಂದು ಸೊಸೆ ಸೇರಿಸಿದಳು. ಕರಡಿ ಒಂದು ಕಣ್ಣು ತೆರೆದು ನೋಡಿತು, ದೊಡ್ಡದಾಗಿ ಆಕಳಿಸಿತು, ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಯಿತು.