ಕೇಕು ತಿನ್ನಿಸಿದ ಎರಡು ಬೆರಳು

ಸತ್ತವರು, ಕಾಣೆಯಾದವರು, ಓಡಿಹೋದವರು. ಪೇಪರಿನವರು ಚೌಕಟ್ಟು ಕಟ್ಟಿ ಫೋಟೋ ಅಚ್ಚು ಹಾಕುವುದು ಇಂಥವರದ್ದನ್ನೇ ಎಂದು ಕ್ಲೊಟಿಲ್ಡಾ ತಿಳಿದಿದ್ದಳು. ಆ ಶುಕ್ರವಾರ ಬೆಳಿಗ್ಗೆ ಅಲ್ಲಿ ತನ್ನದೇ ಮುಖ ಕಂಡಾಗ, ತಾನು ಇವರಲ್ಲಿ ಯಾರು ಎಂಬುದು ಅವಳಿಗೆ ಥಟ್ಟನೆ ಹೊಳೆಯಲಿಲ್ಲ.

ಬಹರೈನಿನ ಉಮ್ ಅಲ್ ಹಸ್ಸಮ್ ಬಡಾವಣೆಯಲ್ಲಿ ಮೊಯಿದಿನ್ ಮತ್ತು ಅವನ ಹೆಂಡತಿ ಹವ್ವಮ್ಮ ನಡೆಸುವ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಗೆ ಹಾಲು ಕೊಳ್ಳಲು ಹೋಗಿದ್ದಳು. ಮೊಯಿದಿನ್ ಹಾಲು ಕೊಡುವ ಬದಲು ಪೇಪರು ಮುಂದೆ ಹಿಡಿದ.

"ಬಾಯಮ್ಮ, ಇದು ನೀವೇ ಅಲ್ವಾ?"

ಅವಳೇ. ಅರ್ಧ ತೆರೆದ ಬಾಯಿ, ಅರಳಿದ ಕಣ್ಣು. ಪೊಲೀಸರು ಹಿಡಿದಾಗ ತೆಗೆದ ಫೋಟೋದ ಹಾಗಿತ್ತು. ಕೆಳಗೆ ಇಂಗ್ಲಿಷಿನಲ್ಲೂ ಅರಬಿಯಲ್ಲೂ ಎರಡೆರಡು ಸಾಲು. ಮೊಯಿದಿನ್ ಓದಿ ಹೇಳಿದ: "ಈ ಭಾವಚಿತ್ರದಲ್ಲಿರುವ ಮಹಿಳೆ ಈಗ ನಮ್ಮ ಸಂಸ್ಥೆಯಲ್ಲಿಲ್ಲ. ಇವಳೊಂದಿಗೆ ವ್ಯವಹರಿಸುವವರು ಅದಕ್ಕೆ ತಾವೇ ಜವಾಬ್ದಾರರು."

ಹವ್ವಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ನಿಮ್ಮ ಬಾಯಿ ಹತ್ರ ಇದ್ಯಾರ ಬೆರಳು ಮಾರಾಯ್ರೆ?"

ಕ್ಲೊಟಿಲ್ಡಾ ಪೇಪರು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮನಾಮಾದ ಹಳೆ ಪೇಟೆ ಸೂಕಿನ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ ಅವಳು ಬಟ್ಟೆ ಕತ್ತರಿಸಿದ್ದು ಹತ್ತೊಂಬತ್ತು ವರ್ಷ. ಧಣಿ ಪ್ರವೀಣನಿಗೆ ಮೊದಲೇ ತಿಳಿಸಿ, ಹಿಡಿದ ಕೆಲಸವನ್ನೆಲ್ಲ ಮುಗಿಸಿ, ಕತ್ತರಿಯನ್ನು ಅವನ ಕೈಗೇ ಕೊಟ್ಟು ಹೊರಬಂದಿದ್ದಳು. ಅವನು ಅಂದು ನಗುನಗುತ್ತಲೇ ಕಳಿಸಿದ್ದ.

ಬಹರೈನಿನಲ್ಲಿ ಊರಿನ ಕ್ರೈಸ್ತರಿಗೆ ಶುಕ್ರವಾರವೇ ಭಾನುವಾರ. ಇಗರ್ಜಿಯಲ್ಲಿ ಅವಳು ಕುಳಿತ ಬೆಂಚಿನಲ್ಲಿ ಅವಳೊಬ್ಬಳೇ ಉಳಿದಳು. ಪೂಜೆ ಮುಗಿದು ಫೋನು ತೆರೆದರೆ ಊರಿನಿಂದ ತಮ್ಮ ಕೊಸ್ಮಸ್‌ನ ಕರೆ.

"ಅಕ್ಕ... ನೀನಾ? ನೀನೇ ಮಾತಾಡುವುದಾ?"

"ಮತ್ತೆ ಯಾರು? ಯಾಕೆ ಅಳ್ತೀ?"

ಯಾರೋ ಆ ಪೇಪರಿನ ಫೋಟೋವನ್ನು ವಾಟ್ಸಪ್ಪಿನಲ್ಲಿ ಊರಿಗೆ ದಾಟಿಸಿದ್ದರು. ಪೇಪರಿನಲ್ಲಿ ಚೌಕದೊಳಗೆ ಮುಖ ಎಂದರೆ ಊರಿನಲ್ಲಿ ಒಂದೇ ಅರ್ಥ. ಕೊಸ್ಮಸ್‌ನ ಹೆಂಡತಿ ಎದೆ ಬಡಿದುಕೊಂಡಿದ್ದಳು. ಫೋನು ಮಾಡಿದರೆ ಸ್ವಿಚ್ ಆಫ್. ಫಾದರಿಗೆ ಸುದ್ದಿ ಹೋಗಿ, ಇಗರ್ಜಿಯಲ್ಲಿ ಸಾವಿನ ಗಂಟೆಯನ್ನೂ ಬಾರಿಸಿ ಆಗಿತ್ತು.

"ಗಂಟೆ ಬಾರಿಸಿದವನಿಗೆ ಹೇಳು, ನಾನು ಬಂದ ದಿನ ಹಬ್ಬದ ಗಂಟೆ ಬಾರಿಸ್ಬೇಕು ಅಂತ," ಎಂದು ಗದರಿಸಿ ಅವಳು ಫೋನಿಟ್ಟಳು.

ಮಧ್ಯಾಹ್ನ ಶಹರ್ಬಾನು ಕರೆ ಮಾಡಿದಳು. ಉಮ್ ಅಲ್ ಹಸ್ಸಮ್‌ನಲ್ಲಿ ಹೊಸ ಟೈಲರ್ ಅಂಗಡಿ ತೆರೆಯುತ್ತಿದ್ದ ಭಟ್ಕಳದ ಹೆಂಗಸು. ಕ್ಲೊಟಿಲ್ಡಾ ಹಳೆ ಕೆಲಸ ಬಿಟ್ಟದ್ದು ಇವಳನ್ನು ನಂಬಿ. "ನನಗೆ ನಿಮ್ಮ ಮೇಲೆ ಅನುಮಾನ ಇಲ್ಲ ಬಾಯಮ್ಮ. ಆದ್ರೆ ಗಿರಾಕಿಗಳ ಬಾಯಿ ನಾನು ಹೊಲಿಯಲಿಕ್ಕೆ ಆಗ್ತದಾ? ಗುರುವಾರ ಅಂಗಡಿ ಓಪನಿಂಗು. ಅಷ್ಟರೊಳಗೆ ಹೆಸರು ಸರಿ ಮಾಡ್ಕೊಳ್ಳಿ. ಇಲ್ಲದಿದ್ರೆ ಬೇರೆ ಕಟಿಂಗಿನವರನ್ನು ನೋಡ್ಬೇಕಾಗ್ತದೆ."

ಮರುದಿನ ಕ್ಲೊಟಿಲ್ಡಾ ಸೂಕಿಗೆ ಹೋಗಿ, ಪೇಪರನ್ನು ಪ್ರವೀಣನ ಮೇಜಿನ ಮೇಲೆ ಬಡಿದಳು.

"ಇದೆಂತ ಇದು?"

"ಕೂತ್ಕೊಳ್ಳಿ ಬಾಯಮ್ಮ, ಚಾ ತರಿಸ್ತೇನೆ. ಅದೊಂದು ಫಾರ್ಮಾಲಿಟಿ. ಗಲ್ಫಲ್ಲಿ ಎಲ್ಲ ಕಂಪನಿಯವರೂ ಹಾಕ್ತಾರೆ. ಅದರಲ್ಲಿ ಕಳ್ಳಿ ಅಂತ ಎಲ್ಲಾದ್ರೂ ಬರ್ದುಂಟಾ?"

"ಬರ್ದಿದ್ರೆ ಒಳ್ಳೇದಿತ್ತು. ಎಂತ ಕದ್ದದ್ದು ಅಂತಾದ್ರೂ ಜನಕ್ಕೆ ಗೊತ್ತಾಗ್ತಿತ್ತು. ಈಗ ಒಬ್ಬೊಬ್ರು ನನ್ನ ಕೈಯಲ್ಲಿ ಒಂದೊಂದು ಕದಿಸ್ತಿದ್ದಾರೆ. ನಿಮ್ಮ ಡ್ರೈವರ್ ಬಿಟ್ಟು ಹೋದಾಗ ಹಾಕಿದ್ರಾ? ಆ ಇಸ್ತ್ರಿಯವ ಹೋದಾಗ? ಇಲ್ಲ. ಅವರ ಹಿಂದೆ ಗಿರಾಕಿಗಳು ಹೋಗುದಿಲ್ಲ. ನನ್ನ ಹಿಂದೆ ಬರ್ತಾರೆ ಅಂತ ಹೆದರಿಕೆ ನಿಮಗೆ."

ಪ್ರವೀಣನ ಮುಖ ಬಿಗಿಯಿತು. "ಈಗ ಏನಾಗ್ಬೇಕು ನಿಮಗೆ?"

"ಅಷ್ಟೇ ದೊಡ್ಡದು, ಅದೇ ಜಾಗದಲ್ಲಿ ಇನ್ನೊಂದು ಹಾಕಿ. ಈ ಹೆಂಗಸು ಮರ್ಯಾದೆಯಿಂದ ಬಿಟ್ಟು ಹೋದವಳು ಅಂತ."

"ಬಿಟ್ಟು ಹೋದವರನ್ನು ಹೊಗಳಿ ಯಾರಾದ್ರೂ ಪೇಪರಲ್ಲಿ ಹಾಕ್ತಾರಾ? ಸತ್ತವರನ್ನು ಮಾತ್ರ ಹಾಗೆ ಹೊಗಳುದು."

"ಊರಲ್ಲಿ ನಾನು ಸತ್ತೂ ಆಯ್ತು. ಇನ್ನೆಂತ ಅಡ್ಡಿ?"

ಮಂಗಳವಾರದವರೆಗೂ ಅವನು ಹಾಕಲಿಲ್ಲ. ಪೇಪರಿನ ಆಫೀಸಿಗೆ ಅವಳೇ ಹೋದಳು. ಕಂಪನಿಯ ಸೀಲು ಇಲ್ಲದೆ ಯಾರ ಪ್ರಕಟಣೆಯನ್ನೂ ತೆಗೆದುಕೊಳ್ಳುವುದಿಲ್ಲ ಎಂದರು. ಧಣಿಗೆ ಸೀಲು ಉಂಟು, ಆಳಿಗೆ ಬರಿ ಮುಖ.

ವಾಪಸು ಬಸ್ಸಿನಲ್ಲಿ ಕುಳಿತು ಅವಳು ಆ ಫೋಟೋವನ್ನೇ ದಿಟ್ಟಿಸಿದಳು. ಬಾಯಿಯ ಪಕ್ಕದಲ್ಲಿ ಎರಡು ಬೆರಳು, ಒಂದರಲ್ಲಿ ಹರಳಿನುಂಗುರ. ಬೆರಳ ತುದಿಯಲ್ಲಿ ಏನೋ ಬಿಳಿ. ಹವ್ವಮ್ಮ ಕೇಳಿದ ಪ್ರಶ್ನೆ ನೆನಪಾಯಿತು. ಫೋನು ತೆಗೆದು ಹಳೆಯ ಫೋಟೋಗಳನ್ನು ಒಂದೊಂದಾಗಿ ತಳ್ಳುತ್ತ ಹೋದಳು. ಸಿಕ್ಕಿತು! ಅಂಗಡಿಯ ವಾರ್ಷಿಕೋತ್ಸವದ ದಿನ ಪ್ರವೀಣ ಎಲ್ಲರೆದುರು ಅವಳ ಬಾಯಿಗೆ ಕೇಕು ಇಡುತ್ತಿದ್ದ. ಹಿಂದಿನ ಗೋಡೆಯ ಮೇಲೆ ಬಣ್ಣದ ಅಕ್ಷರದಲ್ಲಿ 'ನಮ್ಮ ಅಂಗಡಿಯ ಕೈ, ನಮ್ಮ ಕ್ಲೊಟಿಲ್ಡಾ ಬಾಯಮ್ಮ' ಎಂದಿತ್ತು. ಇಡೀ ಫೋಟೋದಿಂದ ಅವಳ ಮುಖವನ್ನಷ್ಟೇ ಕತ್ತರಿಸಿ ಪೇಪರಿಗೆ ಕೊಟ್ಟಿದ್ದರು. ಕತ್ತರಿಸುವುದು ಬರಬೇಕಲ್ಲ! ಬೆರಳು ಉಳಿದುಬಿಟ್ಟಿತ್ತು.

ಮೊಯಿದಿನ್‌ನ ಕೋಲ್ಡ್ ಸ್ಟೋರಿನ ಗಾಜಿನ ಬಾಗಿಲು ಎಂದರೆ ಆ ಬೀದಿಯ ಪೇಪರು ಇದ್ದ ಹಾಗೆ. ಬಾಡಿಗೆಗೆ ಬೆಡ್ ಸ್ಪೇಸ್, ಮಾರಾಟಕ್ಕೆ ಹಳೆ ಫ್ರಿಡ್ಜು, ಟ್ಯೂಷನ್ನು, ಊರಿಗೆ ಕಾರ್ಗೊ; ಎಲ್ಲ ಚೀಟಿಯೂ ಅಲ್ಲೇ. ಅವಳು ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಕೆಳಗೆ ಕನ್ನಡದಲ್ಲಿ ತಾನೇ ಬರೆದಳು. ಮೊಯಿದಿನ್ ಇಂಗ್ಲಿಷಿನಲ್ಲಿ ಬರೆದುಕೊಟ್ಟ.

"ಪ್ರಕಟಣೆ. ಪೇಪರಿನಲ್ಲಿ ಬಂದದ್ದು ಅರ್ಧ ಫೋಟೋ. ಇದು ಪೂರ್ತಿ. ಕೇಕು ತಿನ್ನುತ್ತಿರುವವಳು ನಾನು. ತಿನ್ನಿಸುತ್ತಿರುವವರು ಈಗ ನನ್ನ ಧಣಿಯಲ್ಲ. ನಾನು ಕದ್ದಿಲ್ಲ, ಓಡಿಹೋಗಿಲ್ಲ, ಸತ್ತೂ ಇಲ್ಲ. ಇನ್ನು ಮುಂದೆ ಅವರ ಅಂಗಡಿಯಲ್ಲಿ ಹೊಲಿಸುವವರು ತಮ್ಮ ಬ್ಲೌಸಿಗೆ ತಾವೇ ಜವಾಬ್ದಾರರು."

ಹವ್ವಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊಯಿದಿನ್ ಮಾತ್ರ ತಲೆ ಕೆರೆದುಕೊಂಡ. "ಕೇಸು ಗೀಸು ಆದ್ರೆ ಬಾಯಮ್ಮ?"

"ಆಗ್ಲಿ. ಕೋರ್ಟಿನವರೂ ಪೂರ್ತಿ ಫೋಟೋ ನೋಡ್ಲಿ."

ಸಂಜೆಯೊಳಗೆ ಅದು ಸೇತುವೆಯಾಚೆಯ ಬುಸೈತೀನ್‌ವರೆಗೂ ಫೋನಿನಿಂದ ಫೋನಿಗೆ ಹಾರಿತು. ಪ್ರವೀಣ ಕರೆ ಮಾಡಿ ಕಿರುಚಿದ. "ಮೊದಲು ಅದನ್ನು ತೆಗೀರಿ!"

"ಅದೊಂದು ಫಾರ್ಮಾಲಿಟಿ ಪ್ರವೀಣರೇ," ಎಂದಳು ಕ್ಲೊಟಿಲ್ಡಾ. ಧಣಿ ಎನ್ನುವುದನ್ನು ಬಾಯಿ ತಾನಾಗಿಯೇ ಬಿಟ್ಟಿತ್ತು. "ನೀವು ಪೇಪರಲ್ಲಿ ಹಾಕಿ, ನಾನು ಬಾಗಿಲಿಂದ ತೆಗೀತೇನೆ."

ಬುಧವಾರ ಶಹರ್ಬಾನು ತಾನೇ ಬಂದಳು. ಬಾಗಿಲ ಮುಂದೆ ನಿಂತು ಒಂದಕ್ಷರ ಬಿಡದೆ ಓದಿದಳು. ಕ್ಲೊಟಿಲ್ಡಾ ಒಳಗಿಂದ ಬಂದು ಪಕ್ಕದಲ್ಲಿ ನಿಂತಳು.

"ನಿನ್ನೆಯಿಂದ ನನಗೆ ಎಷ್ಟು ಫೋನು ಗೊತ್ತುಂಟಾ? ಈ ಬಾಯಮ್ಮ ನಿಮ್ಮಲ್ಲಿ ಇರ್ತಾರಾ ಅಂತ," ಎಂದಳು ಶಹರ್ಬಾನು. "ಆದ್ರೆ ಆ ಕೊನೆ ಸಾಲು ಬೇಡಿತ್ತು. ವ್ಯಾಪಾರಸ್ಥರೊಳಗೆ ವೈರ ನನಗೆ ಬೇಡ. ಇದನ್ನು ತೆಗ್ದು ನಾಳೆ ಕೆಲಸಕ್ಕೆ ಬನ್ನಿ."

ಕ್ಲೊಟಿಲ್ಡಾಳಿಗೆ ಬೇರೆ ಕೆಲಸವಿರಲಿಲ್ಲ. ಆದರೂ ಇಲ್ಲವೆಂದು ತಲೆಯಾಡಿಸಿದಳು.

"ತೆಗೆಯುದಿಲ್ಲ. ಕೊನೆ ಸಾಲೂ ತೆಗೆಯುದಿಲ್ಲ. ಅವರು ನನ್ನ ಮುಖ ಊರೆಲ್ಲ ಅಂಟಿಸಿದ್ದು. ನಾನು ಒಂದು ಬಾಗಿಲಿಗೆ ಅಂಟಿಸಿದ್ದು. ಇಷ್ಟರ ಮೇಲೂ ಬೇಕಾದ್ರೆ ಕರೀರಿ, ಬೇಡದಿದ್ರೆ ಬಿಡಿ."

ಶಹರ್ಬಾನು ಅವಳ ಮುಖವನ್ನೇ ನೋಡಿದಳು. ಆಮೇಲೆ ಫೋಟೋವನ್ನು. ಆಮೇಲೆ ಬಗ್ಗಿ ಕಾಗದದ ಕೆಳಮೂಲೆಯನ್ನು ಬೆರಳಿನಿಂದ ಮುಟ್ಟಿದಳು.

"ಇಲ್ಲಿ ಟೇಪು ಬಿಟ್ಟುಂಟು. ಸರಿ ಅಂಟಿಸಿ. ನಾಳೆ ಬೇಗ ಬನ್ನಿ."

ಮೊಯಿದಿನ್ ಟೇಪು ತಂದುಕೊಟ್ಟ. ಕ್ಲೊಟಿಲ್ಡಾ ಅದನ್ನು ಹಲ್ಲಿನಿಂದ ಕಚ್ಚಿ ಹರಿದು, ಸೀರೆಗೆ ಫಾಲ್ ಕೂರಿಸುವಾಗಿನಂತೆ ಹೆಬ್ಬೆರಳಿನಿಂದ ಅಮುಕಿ ಅಮುಕಿ ಅಂಟಿಸಿದಳು.