ದುಂಡವ್ವಗೆ ಬರೆದ ದಿನಚರಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಶಂಕ್ರವ್ವನಿಗೆ ಸಂತೆಯ ಮಾತು ಹಾಗಿರಲಿ, ಬಿಟಿಎಂ ಲೇಔಟಿನ ಎರಡನೇ ಸ್ಟೇಜಿನಲ್ಲಿ, ನಾರಾಯಣಮ್ಮನವರ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ, ಬಾಗಿಲು ಕಿಟಕಿ ಮುಚ್ಚಿ ಮಲಗಿದರೂ ಕಣ್ಣು ಹತ್ತುತ್ತಿರಲಿಲ್ಲ. ಊರು ಬಿಟ್ಟು ಬಂದ ಹೊಸದರಲ್ಲಿ ತಪ್ಪನ್ನು ಸೊಳ್ಳೆಗಳ ಮೇಲೆ ಹಾಕಿದಳು. ಆಮೇಲೆ ರಿಂಗ್ ರೋಡಿನ ಲಾರಿಗಳ ಮೇಲೆ ಹಾಕಿದಳು. ಒಂಬತ್ತು ವರ್ಷ ಕಳೆದ ಮೇಲೆ ತಪ್ಪು ಹೊರಿಸಲು ಯಾರೂ ಉಳಿದಿರಲಿಲ್ಲ.

ಅವಳಿಗೆ ಕೆಲಸ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಹೊಲಿದು ಮುಗಿದ ಅಂಗಿಗಳನ್ನು ಮೇಜಿನ ಮೇಲೆ ಹರಡಿ, ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ಗುಂಡಿ ಸಡಿಲವಾಗಿದೆ ಎಂದು ನೋಡಿ ಬೇರೆ ಮಾಡುವುದು. ಇನ್ನೊಬ್ಬರ ತಪ್ಪು ಹಿಡಿಯುವ ಕೆಲಸಕ್ಕೆ ನೆಟ್ಟ ಕಣ್ಣು ಬೇಕು. ಎರಡು ಸಾವಿರದ ಎರಡನೆಯ ಇಸವಿಯ ಆಷಾಢದಲ್ಲಿ ಒಂದು ಮಧ್ಯಾಹ್ನ ಅವಳ ಕಣ್ಣು ನಿಂತಲ್ಲೇ ಮುಚ್ಚಿಕೊಂಡು, ಜೇಬು ಸೊಟ್ಟಗಿದ್ದ ನಲವತ್ತು ಅಂಗಿಗಳು ಸದ್ದಿಲ್ಲದೆ ಮುಂದೆ ಹೋದವು. ಫ್ಲೋರ್ ಇನ್‌ಚಾರ್ಜ್ ರವಿಕುಮಾರ, ಮಗನಿದ್ದಿದ್ದರೆ ಅವನ ವಯಸ್ಸಿನವನು, ನೂರು ಜನರ ಮುಂದೆ ಕೂಗಾಡಿದ. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗುವುದೇ ಎಂದ. ಆಮೇಲೆ ಅವನಿಗೇ ಏನೆನ್ನಿಸಿತೋ, ಬುಧವಾರ ಬರುವ ಮೇಡಂ ಹತ್ತಿರ ಹೋಗಿ ಬಾ ಎಂದು ಚೀಟಿ ಬರೆದುಕೊಟ್ಟ.

ಆ ಮೇಡಂ ಸೌಮ್ಯ. ಅಂಗಿ ಕೊಳ್ಳುವ ಹೊರದೇಶದ ಕಂಪನಿಯವರು, ಹೊಲಿಯುವವರ ಮನಸ್ಸೂ ನೆಟ್ಟಗಿರಬೇಕು ಎಂದು ಹಟ ಹಿಡಿದು ನೇಮಿಸಿದ್ದ ಹುಡುಗಿ. ಅವಳು ಬೈಯಲಿಲ್ಲ, ಮಾತ್ರೆಯನ್ನೂ ಕೊಡಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದಳು ಶಂಕ್ರವ್ವ. ಆಗ ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಕೈಗಿಟ್ಟಳು.

“ಮಲಗೋ ಮುಂಚೆ ದಿನಾ ಬರೀರಿ ಅಮ್ಮಾ. ಇವತ್ತು ಏನಾಯ್ತು, ನೀವೇನು ಚೆನ್ನಾಗ್ ಮಾಡಿದ್ರಿ, ಮನಸ್ಸಲ್ಲಿ ಏನ್ ಕೂತಿದೆ, ಅಷ್ಟೇ. ಯಾರೂ ಓದಲ್ಲ. ನಾನೂ ಓದಲ್ಲ.”

ಹೀಗೆ ಬರೆದರೆ ನಿದ್ದೆಯೂ ಬರುತ್ತದೆ, ಮನುಷ್ಯ ಒಳಗಿನಿಂದ ಬೆಳೆಯುತ್ತಾನೆ ಎಂದೂ ಹೇಳಿದಳು. ನಲವತ್ತೈದರ ಹೆಂಗಸು ಇನ್ನು ಎಷ್ಟು ಬೆಳೆಯಬೇಕೋ ದೇವರಿಗೇ ಗೊತ್ತು. ಶಂಕ್ರವ್ವ ಆಗಲಿ ಎಂದು ತಲೆಯಾಡಿಸಿ ಬಂದಳು. ಆದರೆ ಯಾರೂ ಓದಲ್ಲ ಎಂಬ ಮಾತು ಅವಳಿಗೆ ಒಗ್ಗಲಿಲ್ಲ.

ಯಾಕೆಂದರೆ ಬಾದಾಮಿ ಕಡೆಯ ಅವಳ ಊರಿನಲ್ಲಿ ಯಾರೂ ಓದದ್ದನ್ನು ಯಾರೂ ಬರೆದದ್ದಿಲ್ಲ. ಅವಳ ಓಣಿಯ ಹೆಂಗಸರಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು ಅವಳೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಗೋವಾಕ್ಕೆ ದುಡಿಯಲು ಹೋದ ಗಂಡಂದಿರ ಕಾಗದಗಳೆಲ್ಲ ಅವಳ ಮನೆಯ ಕಟ್ಟೆಗೆ ಬರುತ್ತಿದ್ದವು. ಅವಳು ಓದುವಳು, ಸುತ್ತ ಕೂತವರು ಕೇಳುವರು, ಅಳುವವರು ಅಳುವರು, ಅವಳೇ ಉತ್ತರ ಬರೆಯುವಳು. ಕಾಗದ ಎಂದರೆ ಒಬ್ಬರು ಬರೆದು, ಇನ್ನೊಬ್ಬರು ಓದಿ, ಮೂರನೆಯವರು ಕೇಳುವಂಥದ್ದು. ತನಗೆ ತಾನೇ ಬರೆದುಕೊಳ್ಳುವುದು ಯಾವ ಸೀಮೆಯ ಪದ್ಧತಿ?

ಆದ್ದರಿಂದ ಆ ರಾತ್ರಿ ಊಟ ಮುಗಿಸಿ ನೋಟ್‌ಬುಕ್ ತೆರೆದಾಗ ಕೈ ತಾನಾಗಿ ರೂಢಿಯಂತೆ ಬರೆಯಿತು. ಶ್ರೀ ಬನಶಂಕರಿ ಪ್ರಸನ್ನ. ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು. ಎಲ್ಲರೂ ಎಂದು ಬರೆದ ಮೇಲೆ ಸುತ್ತ ನೋಡಿದಳು. ಸ್ಟೋವು, ಕೊಡ, ಹಗ್ಗದ ಮೇಲೆ ಎರಡು ಸೀರೆ. ಇರಲಿ ಎಂದುಕೊಂಡಳು. ಕಾಗದಕ್ಕೆ ಒಂದು ಹೆಸರು ಬೇಕಲ್ಲ. ಮೇಲಿನ ಸಾಲಿನಲ್ಲಿ ಚಿ. ಸೌ. ಎಂದು ಶುರುಮಾಡಿ, ಸೌಭಾಗ್ಯವತಿಯ ಆ ಸೌ ಮೇಲೆ ಪೆನ್ನು ನಿಂತುಬಿಟ್ಟಿತು. ಅದನ್ನು ಹೊಡೆದು ಹಾಕಿ, ತಂಗಿ ದುಂಡವ್ವಗೆ ಎಂದು ಬರೆದಳು. ಹನ್ನೊಂದು ವರ್ಷದಿಂದ ಮಾತು ಬಿಟ್ಟ ತಂಗಿ.

ಒಡಹುಟ್ಟಿದವರು ಮಾತು ಬಿಡುವುದು ಹೊಲಕ್ಕೆ, ಮನೆಗೆ, ಬಂಗಾರಕ್ಕೆ. ಇವರಿಬ್ಬರ ನಡುವೆ ಅಂಥದ್ದೇನೂ ಇರಲಿಲ್ಲ. ದುಂಡವ್ವನ ಗಂಡ ಹನಮಂತ ಮದುವೆಯಾದ ಎರಡನೇ ವರ್ಷಕ್ಕೆ ಗೋವಾಕ್ಕೆ ಹೋದ. ದುಂಡವ್ವ ತವರಿಗೆ ಬಂದು ಅಕ್ಕನ ಜೊತೆ ಇದ್ದಳು. ಶಂಕ್ರವ್ವ ಆಗಲೇ ಗಂಡ ತೀರಿ, ಮಕ್ಕಳಿಲ್ಲದೆ, ಅದೇ ಮನೆಯಲ್ಲಿದ್ದಳು. ಒಂದು ದಿನ ಹನಮಂತನ ಕಾಗದ ಬಂತು. ಇಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದೇನೆ, ನನ್ನ ದಾರಿ ಕಾಯಬೇಡ ಎಂದು ಅದರಲ್ಲಿತ್ತು. ತಂಗಿ ಎದುರಿಗೆ ಕೂತು, ಬಾಯಿ ತೆರೆದುಕೊಂಡು, ಹಬ್ಬದ ಸುದ್ದಿ ಕೇಳುವವಳಂತೆ ಕಾಯುತ್ತಿದ್ದಳು. ಶಂಕ್ರವ್ವ ಕಾಗದದ ಮೇಲೆ ಕಣ್ಣಿಟ್ಟು, ಕೆಲಸ ಬಹಳ, ಈ ಸಲ ರಜೆ ಸಿಗಲಿಲ್ಲ, ಆರೋಗ್ಯ ನೋಡಿಕೋ ಎಂದು ಓದಿದಳು.

ಅದು ಒಂದೇ ಸಲವಾಗಿದ್ದರೆ ದೇವರೂ ಬಿಟ್ಟಾನು. ಆರು ತಿಂಗಳಿಗೆ ಗುಳೇದಗುಡ್ಡದ ಕಡೆಯಿಂದ ನಿಂಗರಾಜ ಎಂಬ ನೇಕಾರ ಹಿರಿಯರನ್ನು ಕಳಿಸಿದ. ಹೆಂಡತಿ ಸತ್ತವನು, ಸಾಧು. ಗಂಡ ಬಿಟ್ಟವಳಾದರೆ ಉಡಿಕಿ ಮಾಡಿಕೊಳ್ಳುತ್ತೇನೆ, ಎರಡನೇ ಮದುವೆಗೆ ನಮ್ಮಲ್ಲಿ ಅಡ್ಡಿಯಿಲ್ಲ ಎಂದು ಕೇಳಿಸಿದ. ಬಿಟ್ಟವಳು ಯಾಕಾದೇನು, ದೀಪಾವಳಿಗೆ ಬರುತ್ತಾರೆ ಎಂದಳು ದುಂಡವ್ವ. ಹಿರಿಯರು ಇನ್ನೂ ಕೂತಿರುವಾಗಲೇ ಹನಮಂತನ ಎರಡನೇ ಕಾಗದವೂ ಬಂತು. ಅದರಲ್ಲೂ ಅದೇ ಮಾತು. ಶಂಕ್ರವ್ವ ಅದನ್ನೂ ದೀಪಾವಳಿಗೆ ಬರುತ್ತೇನೆಂದು ಓದಿದಳು. ಹಿರಿಯರು ಚಹಾ ಕುಡಿದು ಹೋದರು. ನೇಕಾರ ಬೇರೆ ಕಡೆ ಹೆಣ್ಣು ತಂದ.

ಹೀಗೆ ಐದು ವರ್ಷ. ಕಾಗದ ಬರುವುದು ನಿಂತ ಮೇಲೂ ದುಂಡವ್ವ ಹಳೆಯವನ್ನು ಗಂಟಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಅಕ್ಕ ಕಳೆ ಕೀಳಲು ಹೋಗಿದ್ದಾಗ ಗಂಡನ ಮಾತು ಇನ್ನೊಮ್ಮೆ ಕೇಳಬೇಕೆನ್ನಿಸಿ, ಓಣಿಗೆ ಹೊಸದಾಗಿ ಬಂದಿದ್ದ ಅಂಗನವಾಡಿ ಟೀಚರ ಕೈಗೆ ಕೊಟ್ಟಳು. ಆ ಪುಣ್ಯಾತ್ಗಿತ್ತಿ ಇದ್ದದ್ದನ್ನು ಇದ್ದ ಹಾಗೆ ಓದಿದಳು. ಸಂಜೆ ಶಂಕ್ರವ್ವ ಮನೆಗೆ ಬಂದಾಗ ಕಾಗದಗಳು ಹೊಸ್ತಿಲ ಮೇಲಿದ್ದವು.

“ನಿನ್ನ ಕಣ್ಣಿಲೆ ನೋಡಿದ್ನಲ್ಲ ಯಕ್ಕಾ,” ಎಂದಳು ದುಂಡವ್ವ. ಅಷ್ಟೇ. ಬಟ್ಟೆ ಗಂಟು ಎತ್ತಿಕೊಂಡು ಊರಿನ ಆ ಕೊನೆಗೆ ಹೋಗಿ ಬೇರೆ ಉಳಿದಳು. ಎರಡು ವರ್ಷ ಅದೇ ಮನೆಯಲ್ಲಿ ಒಬ್ಬಳೇ ಇದ್ದು, ತಾಳದೆ, ಶಂಕ್ರವ್ವ ಬೆಂಗಳೂರಿನ ಬಸ್ಸು ಹತ್ತಿದಳು.

ಇಂಥ ತಂಗಿಗೆ ಅವಳು ದಿನಾ ರಾತ್ರಿ ಬರೆಯತೊಡಗಿದಳು. ಇಂದು ಸಾರು ಚೆನ್ನಾಗಿತ್ತು. ಮಡಿವಾಳ ಕೆರೆಗೆ ನೀರು ಬಂದಿದೆ. ಇಲ್ಲಿಯವರು ನನ್ನನ್ನು ಶಂಕ್ರಮ್ಮ ಅನ್ನುತ್ತಾರೆ, ತಿದ್ದಿ ತಿದ್ದಿ ಬಿಟ್ಟುಬಿಟ್ಟೆ. ನಾರಾಯಣಮ್ಮನವರು ಕಿಟಕಿಯ ಬೆಳಕು ನೋಡಿ ಎಕ್ಸಾಮು ಕಟ್ಟಿದೀಯೇನಮ್ಮ ಎಂದು ತಮಾಷೆ ಮಾಡಿದರು. ಹದಿನಾಲ್ಕು ದಿನ ಕಳೆದರೂ ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಬುಧವಾರ ಹೋಗಿ ಹಾಗೇ ಹೇಳಿದಳು. ಸೌಮ್ಯ ನೋಟ್‌ಬುಕ್ ಮುಟ್ಟಲಿಲ್ಲ. ನಿಜ ಬರೀತಿದೀರಾ ಎಂದು ಮಾತ್ರ ಕೇಳಿದಳು. ಶಂಕ್ರವ್ವನಿಗೆ ಸಿಟ್ಟು ಬಂತು. ಹಾಲುಗಲ್ಲದ ಹುಡುಗಿ, ಇವಳಿಗೆ ಹೇಗೆ ಗೊತ್ತಾಯಿತು?

ಅಂದು ರಾತ್ರಿ, ಹದಿನೈದನೇ ದಿನ, ಕ್ಷೇಮದ ಸಾಲು ಬರೆಯದೆ ನೇರ ಶುರುಮಾಡಿದಳು. ನಿನ್ನ ಗಂಡ ಬೇರೆ ಸಂಸಾರ ಮಾಡಿಕೊಂಡೆನೆಂದು ಬರೆದಿದ್ದ, ನಾನು ಸುಳ್ಳು ಓದಿದೆ, ಎರಡನೇ ಸಲವೂ ಸುಳ್ಳು ಓದಿದೆ, ನಿನ್ನ ಕಣ್ಣೀರು ನೋಡಲಾಗಲಿಲ್ಲ, ಅದಕ್ಕೇ ಹಾಗೆ ಮಾಡಿದೆ. ಎರಡು ಪುಟವಾಯಿತು. ಮುಚ್ಚಿಟ್ಟು ಮಲಗಿದವಳು ಬೆಳಿಗ್ಗೆ ನಾರಾಯಣಮ್ಮನವರು ಬಾಗಿಲು ಬಡಿದಾಗಲೇ ಎದ್ದದ್ದು. ಕಾರ್ಖಾನೆಯ ಗೇಟು ಮುಚ್ಚುವುದರೊಳಗೆ ಓಡಿ ಸೇರಿಕೊಂಡಳು. ಮುಂದಿನ ಬುಧವಾರ ಸೌಮ್ಯ ಕೇಳಿ ಹಿಗ್ಗಿ, ತನ್ನ ಫೈಲಿನಲ್ಲಿ ಸುಧಾರಣೆಯಾಗಿದೆ ಎಂದು ಬರೆದುಕೊಂಡಳು.

ಸುಧಾರಣೆ ಇನ್ನೆರಡು ರಾತ್ರಿಗೆ ಮುಗಿಯಿತು. ಮತ್ತೆ ಅದೇ ಮೇಲ್ಛಾವಣಿ, ಅದೇ ಲಾರಿ. ಬರೆದ ಕಾಗದ ಮನೆಯಲ್ಲೇ ಉಳಿದಿದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು ಶಂಕ್ರವ್ವ. ಅಂಚೆಗೆ ಹಾಕಿದರೆ? ದುಂಡವ್ವಗೆ ಓದಲು ಬಾರದು. ಆಗಿನ ಟೀಚರು ವರ್ಗವಾಗಿ ಹೋಗಿ ಬಹಳ ಕಾಲವಾಯಿತು. ಜಯದೇವಪ್ಪನ ಕಿರಾಣಿ ಅಂಗಡಿಯ ಮುಂದೆ ಯಾರೋ ಅದನ್ನು ಗಟ್ಟಿಯಾಗಿ ಓದಿ, ಇಡೀ ಊರು ಬೀಡಿ ಸೇದುತ್ತ ಕೇಳಬೇಕು. ಅಷ್ಟು ಮಾಡಿದ್ದು ಸಾಲದೆ ಇದನ್ನೂ ಅವಳ ತಲೆಗೆ ಕಟ್ಟುವುದೇ? ಬೇಡ, ತಾನೇ ಓದಿ ಹೇಳಬೇಕು. ತಂಗಿ ಒಂದು ಸಲ ಪೂರ್ತಿ ಕೇಳಿಬಿಟ್ಟರೆ ಸಾಕು, ಕ್ಷಮಿಸದಿದ್ದರೂ ಸಾಕು.

ಭಾನುವಾರ ಮಧ್ಯಾಹ್ನ ನೋಟ್‌ಬುಕ್ ಸೆರಗಿನಲ್ಲಿ ಮುಚ್ಚಿಕೊಂಡು ಮುಖ್ಯರಸ್ತೆಯ ಎಸ್‌ಟಿಡಿ ಬೂತಿಗೆ ಹೋದಳು. ಬೂತಿನ ಅಲಮೇಲು ಜಯದೇವಪ್ಪನ ಅಂಗಡಿಯ ನಂಬರು ತಿರುಗಿಸಿಕೊಟ್ಟಳು. ಜಯದೇವಪ್ಪ ಫೋನೆತ್ತಿ, ಯಾರು, ಎಷ್ಟು ವರ್ಷವಾಯಿತು ಎಂದು ಊರ ಸುದ್ದಿ ತೆಗೆಯಲು ಹೊರಟ. ದುಂಡವ್ವನನ್ನು ಕರೆಸು, ಕಾಲು ಗಂಟೆಗೆ ಮತ್ತೆ ಮಾಡುತ್ತೇನೆ ಎಂದು ಇಟ್ಟಳು. ಆ ಕಾಲು ಗಂಟೆ ಅವಳು ಬೂತಿನ ಹೊರಗೆ ಬಿಸಿಲಲ್ಲಿ ನಿಂತಳು. ಬರುತ್ತಾಳೋ, ಅಕ್ಕನ ಹೆಸರು ಕೇಳಿ ಬಾಗಿಲು ಹಾಕಿಕೊಳ್ಳುತ್ತಾಳೋ.

ಎರಡನೇ ಸಲ ಫೋನೆತ್ತಿದ್ದು ಹೆಣ್ಣು ದನಿ. ಯಾರು ಎಂದಿತು. ನಾನು ಎಂದಳು ಶಂಕ್ರವ್ವ. ಆ ಕಡೆ ಫೋನು ಇಡುವುದರೊಳಗೆ ಹೇಳಿಬಿಡಬೇಕೆಂದು ಗಡಿಬಿಡಿಯಿಂದ, ನಿನಗೊಂದು ಕಾಗದ ಬರೆದಿದ್ದೇನೆ, ಓದುತ್ತೇನೆ, ಕೇಳು, ಎಂದು ಪುಟ ತೆರೆದಳು.

“ನೀ ಓದಬ್ಯಾಡ,” ಎಂದಳು ದುಂಡವ್ವ.

ಫೋನು ಕುಕ್ಕಿದಳು ಎಂದೇ ಶಂಕ್ರವ್ವ ಕಣ್ಣು ಮುಚ್ಚಿದಳು. ಕುಕ್ಕಿರಲಿಲ್ಲ.

“ಕಳಸು. ನಾ ಓದ್ಕೋತೀನಿ.”

“ಯಾರ ಕಡೆ ಓದಸ್ತಿ?”

“ಯಾರ ಕಡೇನೂ ಇಲ್ಲ. ನಾನ ಓದ್ತೀನಿ. ನೀ ಊರ ಬಿಟ್ಟ ವರ್ಷನ ರಾತ್ರಿ ಸಾಲಿಗೆ ಹೋಗಿ ಕಲತೆ. ಸಣ್ಣ ಅಕ್ಷರ ತಿಳಿಯೂದಿಲ್ಲ. ದಪ್ಪಗ ಬರಿ, ಬಿಡಿಸಿ ಬರಿ,” ಎಂದಳು. ಆಮೇಲೆ ಫೋನು ಇಟ್ಟಳು.

ಅಲಮೇಲು ಲೈನ್ ಕಟ್ ಆಯ್ತಾ ಎಂದು ಕೇಳಿದಳು. ಇಲ್ಲ ಎಂದಳು ಶಂಕ್ರವ್ವ. ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿತ್ರ ಕಾಣುತ್ತಿತ್ತು. ಮೂವತ್ತರ ಹತ್ತಿರದ ತಂಗಿ, ದಿನವೆಲ್ಲ ಕೂಲಿ ಮಾಡಿ ಬಂದವಳು, ಲಾಟೀನಿನ ಮುಂದೆ ಬಗ್ಗಿ ಅ ಆ ತಿದ್ದುತ್ತಿದ್ದಾಳೆ, ಇನ್ನು ಯಾರೂ ತನಗೆ ಓದಿ ಹೇಳುವುದು ಬೇಡವೆಂದು. ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದೆ ನಡುರಸ್ತೆಯಲ್ಲಿ ಅತ್ತಳು. ಎದುರು ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅಂಗಡಿಯಲ್ಲಿ ಅಗಲ ಗೆರೆಯ ಹೊಸ ನೋಟ್‌ಬುಕ್ ತೆಗೆದುಕೊಂಡು, ಮನೆಗೆ ಬಂದು, ಹಗಲಲ್ಲೇ ಬಾಗಿಲು ತೆರೆದಿಟ್ಟು ನೆಲದ ಮೇಲೆ ಕೂತು ನಕಲು ಮಾಡತೊಡಗಿದಳು. ಮಕ್ಕಳ ಪುಸ್ತಕದ ಹಾಗೆ ಒಂದೊಂದು ಅಕ್ಷರ ದಪ್ಪಗೆ, ಒಂದೊಂದು ಮಾತು ಬಿಡಿಸಿ. ಗಂಡನ ಕಾಗದದ ಮಾತು ಬರೆದಳು. ಸುಳ್ಳು ಓದಿದೆ ಎಂದು ಬರೆದಳು. ಎರಡನೇ ಸಲದ್ದೂ ಬರೆದಳು. ಕಣ್ಣೀರು ನೋಡಲಾಗಲಿಲ್ಲ ಎಂಬ ಸಾಲಿಗೆ ಬಂದಾಗ ಕೈ ನಿಂತಿತು. ಮೊದಲನೇ ಕಾಗದಕ್ಕೆ ಅದು ನಿಜ. ನೇಕಾರನ ಹಿರಿಯರು ಪಡಸಾಲೆಯಲ್ಲಿ ಕೂತಿದ್ದಾಗ ದುಂಡವ್ವ ಎಲ್ಲಿ ಅಳುತ್ತಿದ್ದಳು? ನಗುತ್ತ ಒಳಗೆ ಚಹಾ ಸೋಸುತ್ತಿದ್ದಳು. ಹನ್ನೊಂದು ವರ್ಷ ಈ ಒಂದು ಸಾಲನ್ನು ಶಂಕ್ರವ್ವ ತನಗೆ ತಾನೇ ತಪ್ಪು ಓದಿ ಹೇಳಿಕೊಂಡು ಬಂದಿದ್ದಳು.

ಈ ಸಲ ಓದುವವಳು ಬೇರೆ. ಶಂಕ್ರವ್ವ ಹಳೆಯ ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟು, ಹೊಸ ಪುಟಕ್ಕೆ ತಿರುವಿ, ತಂಗಿಗೆ ತಡವರಿಸದೆ ಓದಲು ಬರಲಿ ಎಂದು ಇನ್ನೂ ದಪ್ಪಗೆ, ಮಾತು ಮಾತು ಬಿಡಿಸಿ ಬರೆದಳು.

ನೀ ಹೋದರ ನಾ ಒಬ್ಬಾಕಿನ ಉಳೀತಿದ್ದೆ. ಅದಕ್ಕ ಓದಲಿಲ್ಲ.